ಕೆನೆಯಲ್ಲಿ ಮುಚ್ಚಿಟ್ಟ ಹಿಂಸೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಪೇಟೆಗಳಲ್ಲಿ ಬ್ರಾಯ್ಲರ್ ಕೋಳಿಯ ಅಂಗಡಿಗಳು ಹೊಸ ಸಂಗತಿಯೇನಲ್ಲ. ಹೊಸದಾಗಿ ಕಿವಿಗೆ ಬೀಳುತ್ತಿರುವುದು ಒಂದು ವಾದ. ಕೋಳಿಯನ್ನು ಕೊಯ್ಯುವುದು ಮಾಂಸಕ್ಕಾಗಿ. ಕಲೇಜಿ, ಗುಂಡಿಗೆ, ಕಾಳು ಅರೆಯುವ ಹೊಟ್ಟೆಚೀಲ ಇವೆಲ್ಲ ಮಿಕ್ಕ ಪದಾರ್ಥಗಳು. ಯಾರೂ ಒಯ್ಯದಿದ್ದರೆ ನಾಯಿಯ ಪಾಲು. ಆದ್ದರಿಂದ ಅವನ್ನು ತಂದು, ಮೆಣಸು ಹಾಕಿ ಹುರಿದು, ಹಾಲಿನ ಕೆನೆಯಲ್ಲಿ ಬೇಯಿಸಿ ಮನೆಯಲ್ಲಿಯೇ ಉಂಡರೆ ಹೊಸ ಹಿಂಸೆ ಏನಾಯಿತು ಎಂಬುದು ಆ ವಾದ. ನೆರೆಯವರ ಒಲೆಯ ವಿಚಾರ ಇಲ್ಲಿ ಪ್ರಸ್ತುತವಲ್ಲ. ಈರುಳ್ಳಿ ಬೆಳ್ಳುಳ್ಳಿಯನ್ನೂ ವರ್ಜಿಸಿದ ಶ್ರಾವಕರ ಮನೆಯ ತರುಣನು ಇಂಥ ತರ್ಕಕ್ಕೆ ತಲೆದೂಗುವುದಾದರೆ ಮಾತ್ರ ಅದನ್ನು ನಕ್ಕು ಬಿಡುವಂತಿಲ್ಲ.

ವ್ಯಾಪಾರ ಬಲ್ಲ ಸಮಾಜವು ಈ ವಾದವನ್ನು ಮೊದಲು ಖಾತೆಯ ಪುಸ್ತಕದಲ್ಲಿಟ್ಟು ನೋಡಬೇಕು. ಕುಸುಬೆಯ ಗಾಣದ ಮಾಲೀಕನು ಕಾಳು ಅರೆಯುವುದು ಎಣ್ಣೆಗಾಗಿ, ಹಿಂಡಿಗಾಗಿ ಅಲ್ಲ. ಹಾಗೆಂದು ಹಿಂಡಿಯನ್ನು ಬೀದಿಗೆ ಚೆಲ್ಲುವನೆ? ಅದರ ದುಡ್ಡು ಬಂದೇ ಬರುತ್ತದೆಂಬ ಭರವಸೆಯಿಂದಲೇ ಎಣ್ಣೆಯ ದರ ಕಟ್ಟುತ್ತಾನೆ. ಉಪೋತ್ಪನ್ನದ ಮಾರಾಟದ ಹಣವನ್ನು ಮುಖ್ಯ ಉತ್ಪನ್ನದ ವೆಚ್ಚದಲ್ಲಿ ಕಳೆಯಬೇಕೆಂಬುದು ಬಿ.ಕಾಂ. ತರಗತಿಯ ಪಾಠ. ಕಲೇಜಿಗೆ ಬೆಲೆ ಕಟ್ಟಿ ತಕ್ಕಡಿಗೆ ಹಾಕಿದ ಕ್ಷಣವೇ ಅದು ಮಿಕ್ಕದ್ದಲ್ಲ, ಸರಕು. ಅದನ್ನು ಕೊಂಡವನು ಮುಂದಿನ ಕೋಳಿಯ ವೆಚ್ಚದಲ್ಲಿ ಒಂದು ಪಾಲನ್ನು ಭರಿಸಿದನೆಂದೇ ಲೆಕ್ಕ.

ತೂಕದ ಲೆಕ್ಕ ಇನ್ನೂ ಕಠೋರವಾದುದು. 2 ಕಿಲೋ ತೂಗುವ ಕೋಳಿಯ ಕಲೇಜಿ ಸುಮಾರು 40ರಿಂದ 50 ಗ್ರಾಂ. ಗುಂಡಿಗೆ ಸುಮಾರು 10 ಗ್ರಾಂ. ಅರ್ಧ ಕಿಲೋ ಕಲೇಜಿ ಒಲೆಯ ಮೇಲಿದ್ದರೆ ಆ ಒಂದು ಪಾತ್ರೆಯಲ್ಲಿ ಹತ್ತು ಹನ್ನೆರಡು ಪಂಚೇಂದ್ರಿಯ ಜೀವಗಳ ಅಂಗಗಳು ಸೇರಿವೆ. ಕಾಲು ಕಿಲೋ ಗುಂಡಿಗೆಯಾದರೆ ಇಪ್ಪತ್ತೈದು. ಹಲವು ವರ್ಷಗಳ ಸಹಜ ಆಯುಷ್ಯವುಳ್ಳ ಪಕ್ಷಿಯನ್ನು ಸುಮಾರು 6 ವಾರಗಳಲ್ಲಿಯೇ ಕೊಲ್ಲಲಾಗುತ್ತದೆ. ಇಷ್ಟು ಸಾವುಗಳು ಕೂಡಿದ ಪಾತ್ರೆಗೆ ಅಲ್ಪಹಿಂಸೆಯ ಅಡುಗೆ ಎಂಬ ಹೆಸರು!

ಮನೆಯಲ್ಲಿ ಮಾಡುವುದರಿಂದ ದೋಷ ಕಡಿಮೆ ಎಂಬ ಮಾತೂ ಪೊಳ್ಳು. ಹೋಟೆಲಿನಲ್ಲಿ ಉಣ್ಣುವವನಿಗೆ ಪದಾರ್ಥದ ಮೂಲ ಕಾಣದೆ ಹೋಗಬಹುದು. ಮನೆಯಲ್ಲಿ ಆ ಹೊಟ್ಟೆಚೀಲವನ್ನು ಸೀಳಿ, ಪಕ್ಷಿ ಕೊನೆಗೆ ತಿಂದ ಕಾಳನ್ನೂ ಹರಳನ್ನೂ ತೊಳೆದು, ಒಳಗಿನ ಹಳದಿ ಪೊರೆಯನ್ನು ಸುಲಿಯುವುದು ಅವರವರ ಕೈಯೇ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಕೃತ, ಕಾರಿತ, ಅನುಮತ ಎಂದು ಮೂರನ್ನೂ ಒಂದೇ ಸಾಲಿನಲ್ಲಿ ಎಣಿಸಿದೆ. ಕೊಂಡದ್ದು ಕಾರಿತ, ಸವಿದದ್ದು ಅನುಮತ ಎಂದು ವಿವರಿಸಲು ಪಂಡಿತರೇ ಬೇಕಾಗಿಲ್ಲ.

ಅಂಗಡಿಯವನು ಪುಕ್ಕಟೆ ಕೊಟ್ಟರೋ? ಈ ಪ್ರಶ್ನೆಗೆ ಆಚಾರ್ಯ ಅಮೃತಚಂದ್ರರು ಸುಮಾರು ಸಾವಿರ ವರ್ಷಗಳ ಹಿಂದೆ ಪುರುಷಾರ್ಥಸಿದ್ಧ್ಯುಪಾಯದಲ್ಲಿ ಉತ್ತರವಿತ್ತಿದ್ದಾರೆ. ತಾನಾಗಿ ಸತ್ತ ಪ್ರಾಣಿಯ ಮಾಂಸದಲ್ಲಿಯೂ ಹಿಂಸೆ ತಪ್ಪದು. ಹಸಿಯಿರಲಿ, ಬೆಂದಿರಲಿ, ಬೇಯುತ್ತಿರಲಿ, ಅದರಲ್ಲಿ ನಿಗೋದ ಜೀವಿಗಳು ಹುಟ್ಟುತ್ತಲೇ ಇರುತ್ತವೆ ಎಂಬುದು ಅವರ ನಿರ್ಣಯ. ಸತ್ತ ಎತ್ತಿನ ಮಾಂಸಕ್ಕೇ ವಿನಾಯಿತಿ ಇಲ್ಲದಿರುವಾಗ ಕೊಯ್ದ ಕೋಳಿಯ ಕಲೇಜಿಗೆ ಎಲ್ಲಿಂದ ಬಂದೀತು?

ಕನ್ನಡ ಜೈನರಿಗೆ ಕೋಳಿಯ ವಿಷಯದಲ್ಲಿ ಬೇರೆ ಸಾಕ್ಷಿಯೂ ಬೇಕಿಲ್ಲ. ಜನ್ನನು 1209ರಲ್ಲಿ ಮುಗಿಸಿದ ಯಶೋಧರ ಚರಿತೆಯಲ್ಲಿ ಬಲಿಯಾದುದು ಹಿಟ್ಟಿನ ಕೋಳಿ. ರಕ್ತವಿಲ್ಲ, ಕಲೇಜಿಯಿಲ್ಲ, ಸಂಕಲ್ಪವೊಂದೇ. ಆ ಒಂದು ಸಂಕಲ್ಪಕ್ಕಾಗಿ ಯಶೋಧರನೂ ತಾಯಿ ಚಂದ್ರಮತಿಯೂ ನಾಯಿ, ನವಿಲು ಮೊದಲಾದ ಜನ್ಮಗಳಲ್ಲಿ ತೊಳಲಿ ಕೊನೆಗೆ ತಾವೇ ಕೋಳಿಗಳಾಗಬೇಕಾಯಿತು. ಬಸದಿಯಲ್ಲಿ ಈ ಕಥೆಯನ್ನು ಕೇಳಿ ತಲೆದೂಗಿದವರು ಮನೆಗೆ ಬಂದು ಮಿಕ್ಕದ್ದು ಎಂಬ ವಾದ ಹೂಡುವುದು ವಿಚಿತ್ರ. ಇದು ಜೈನರೊಬ್ಬರ ಕೊರಗೂ ಅಲ್ಲ. ಬಲಿಗೆಂದು ತಂದ ಕುರಿಯನ್ನು ಕಂಡು ಮರುಗಿದ ವಚನಕಾರ ಬಸವಣ್ಣನವರ ಜನ್ಮಸ್ಥಳ ಇದೇ ಬಾಗೇವಾಡಿ.

ಇನ್ನು ಕೆನೆ. ಅದರಲ್ಲಿ ದೋಷವಿಲ್ಲ, ದೋಷವಿರುವುದು ಅದನ್ನು ಬಳಸುವ ಉದ್ದೇಶದಲ್ಲಿ. ರಕ್ತದ ವಾಸನೆಯನ್ನು ಅಡಗಿಸಿ ಕಂದುಬಣ್ಣವನ್ನು ಬಿಳುಪಾಗಿ ತೋರಿಸುವುದೇ ಅಲ್ಲಿ ಅದರ ಕೆಲಸ. ಫ್ರಾನ್ಸಿನಲ್ಲಿ ಬಾತುಕೋಳಿಯ ಗಂಟಲಿಗೆ ಕೊಳವೆ ತುರುಕಿ, ಬಲವಂತವಾಗಿ ಉಣಿಸಿ, ಕಲೇಜಿಯನ್ನು ಹಲವು ಪಟ್ಟು ಉಬ್ಬಿಸಿ ಅದನ್ನು ಶ್ರೀಮಂತರ ಭೋಜನವೆಂದು ಬಡಿಸುತ್ತಾರೆ. ಆ ಪದಾರ್ಥದ ಆಮದನ್ನು ಭಾರತ ಸರಕಾರವು 2014ರಲ್ಲಿ ನಿಷೇಧಿಸಿತು. ಆದರೆ ಬಂದರಿನ ಬಾಗಿಲು ಸರಕಾರದ್ದು. ಅಡುಗೆಮನೆಯ ಬಾಗಿಲು ಮನೆಯವರದು.

ಕೊನೆಯ ನೆಪ ಪುಷ್ಟಿಯದು. ಕಲೇಜಿಯಲ್ಲಿ ಕಬ್ಬಿಣಾಂಶ ಹೇರಳವಾಗಿದೆ, ಅಲ್ಲಗಳೆಯಬೇಕಾಗಿಲ್ಲ. ರಕ್ತಹೀನತೆ ಇದ್ದವರಿಗೆ ವೈದ್ಯರು ಬರೆದುಕೊಡುವ ಕಬ್ಬಿಣದ ಮಾತ್ರೆ ಔಷಧದ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ. ಉಳಿದವರಿಗೆ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ ಇದೆ, ಕಾಳುಪಲ್ಲೆ ಇದೆ. ಧಾನ್ಯದ ಕಬ್ಬಿಣಾಂಶ ಮೈಗೆ ಹತ್ತಲು ಹುಳಿ ಹಣ್ಣಿನ ಸಿ ಜೀವಸತ್ವ ನೆರವಾಗುತ್ತದೆ; ಊಟದ ಜೊತೆ ಒಂದು ಹೋಳು ನಿಂಬೆ ಸಾಕು. ಅದಕ್ಕಾಗಿ ಇಂಡಿಯವರು ದೂರ ಹೋಗಬೇಕಾಗಿಲ್ಲ.