ನಮ್ಮ ಧೈರ್ಯವನ್ನು ಹೊಗಳಬೇಡಿ

ಊರಿಗೆ ಹೋದಾಗಲೆಲ್ಲ ಕುಂದಾಪುರದ ನಮ್ಮ ಭಾವ ಒಂದು ಮಾತು ಹೇಳದೆ ಬಿಡುವವರಲ್ಲ. "ನಿಮ್ಮ ಮುಂಬಯಿಯವರ ಧೈರ್ಯ ಮೆಚ್ಚಬೇಕು ಮಾರಾಯ. ಆ ರಶ್ಶಲ್ಲಿ ನೇತಾಡಿಕೊಂಡು ಹೋಗ್ತೀರಲ್ಲ!" ಊಟಕ್ಕೆ ಕೂತವರೆಲ್ಲ ಹೌದು ಹೌದು ಅನ್ನುತ್ತಾರೆ. ಅಕ್ಕ ನನ್ನ ಎಲೆಗೆ ಇನ್ನೊಂದು ಸೌಟು ಸಾರು ಹೆಚ್ಚಿಗೆ ಬಡಿಸುತ್ತಾಳೆ. ನಾನೂ ಬಹಳ ವರ್ಷ ಹೆಮ್ಮೆಯಿಂದ ನಕ್ಕಿದ್ದೇನೆ. ಹೊರನಾಡಿನವನಿಗೆ ಊರಲ್ಲಿ ಸಿಗುವ ಮರ್ಯಾದೆ ಅಷ್ಟೇ ತಾನೆ, ಯಾಕೆ ಬಿಡಬೇಕು?

ಈಗ ಆ ನಗು ಬರುವುದಿಲ್ಲ. 2025ರ ಜೂನ್ 9, ಸೋಮವಾರ ಬೆಳಿಗ್ಗೆ, ದಿವಾ ಮತ್ತು ಮುಂಬ್ರಾ ನಡುವಿನ ತಿರುವಿನಲ್ಲಿ, ಎದುರುಬದುರಾಗಿ ಹೋಗುತ್ತಿದ್ದ ಎರಡು ಲೋಕಲ್‌ಗಳ ಬಾಗಿಲಲ್ಲಿ ನೇತಾಡುತ್ತಿದ್ದ ಜನ ಹಳಿಗೆ ಬಿದ್ದರು. ಅವತ್ತೇ ನಾಲ್ಕು ಜನ ತೀರಿಕೊಂಡರು. ನನ್ನ ಮಗ ಡೊಂಬಿವಲಿಯಿಂದ ಠಾಣೆಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ ಐರೋಲಿಗೆ ಕೆಲಸಕ್ಕೆ ಹೋಗುವವನು. ನಲವತ್ತು ನಿಮಿಷ ಅವನ ಫೋನು ಹತ್ತಲಿಲ್ಲ. ಹೆಂಡತಿ ದೇವರ ಕೋಣೆಗೆ ಹೋಗಿ ಕೂತಳು. ನಾನು ಟೀವಿಯ ಮುಂದೆ ನಿಂತೇ ಇದ್ದೆ. ಕೊನೆಗೆ ಅವನೇ ಮಾಡಿದ. "ಅಪ್ಪ, ನಾನು ಹಿಂದಿನ ಗಾಡೀಲಿದ್ದೆ." ಅವನೂ ಬಾಗಿಲಲ್ಲೇ ನಿಂತಿದ್ದ. ಕೇಳದೆಯೇ ಗೊತ್ತು. ಮೂವತ್ತೊಂದು ವರ್ಷ ನಾನೂ ಅಲ್ಲೇ ನಿಂತವನು.

ಅವತ್ತೇ ಘೋಷಣೆಯಾಯಿತು: ಇನ್ನು ಮುಂದೆ ಬರುವ ಲೋಕಲ್‌ಗಳಿಗೆಲ್ಲ ತಾನಾಗಿ ಮುಚ್ಚುವ ಬಾಗಿಲು. ಬರಲಿ, ಬೇಡ ಅನ್ನುವವನು ನಾನಲ್ಲ. ಆದರೆ ಮುಚ್ಚಿದ ಬಾಗಿಲಿನ ಹೊರಗೆ ಪ್ಲಾಟ್‌ಫಾರ್ಮಿನಲ್ಲೇ ಉಳಿಯುವವನ ಗತಿ ಏನು? ಅವನು ಯಾಕೆ ಅಷ್ಟು ಅವಸರದಲ್ಲಿದ್ದ, ಒಂದು ಗಾಡಿ ಬಿಟ್ಟು ಇನ್ನೊಂದಕ್ಕೆ ಕಾಯಲು ಅವನಿಗೇಕೆ ಆಗಲಿಲ್ಲ ಎಂದು ಯಾರೂ ಕೇಳಲಿಲ್ಲ.

ನಾನು ಹೇಳುತ್ತೇನೆ. ನಮ್ಮ ಮನೆ ಎಂಐಡಿಸಿ ವಸತಿ ಕಡೆ. ಸ್ಟೇಷನ್ನಿಗೆ ಎರಡೂವರೆ ಕಿಲೋಮೀಟರು. ಮಗ ಮನೆಯಿಂದ ತಡವಾಗಿ ಹೊರಡುವವನಲ್ಲ. ಶೇರ್ ರಿಕ್ಷಾದ ಸಾಲಿನಲ್ಲಿ ಹತ್ತು ನಿಮಿಷ. ಮಾನ್‌ಪಾಡಾ ರಸ್ತೆಯಲ್ಲಿ ಎರಡೂ ಬದಿ ಕಾರು ನಿಂತು, ನಡುವೆ ಉಳಿದ ಜಾಗದಲ್ಲಿ ರಿಕ್ಷಾ, ಬಸ್ಸು, ಶಾಲೆಯ ವ್ಯಾನು, ಎಮ್ಮೆ ಎಲ್ಲ ಒಟ್ಟಿಗೆ. ಅಲ್ಲಿ ಇಪ್ಪತ್ತು ನಿಮಿಷ. ಸ್ಟೇಷನ್ನಿನ ಹತ್ತಿರ ರಿಕ್ಷಾ ಮುಂದೆ ಹೋಗುವುದೇ ಇಲ್ಲ. ಇಳಿದು ತರಕಾರಿ ಗಾಡಿಗಳ ನಡುವೆ ಓಡಬೇಕು. ಅಷ್ಟರಲ್ಲಿ ಅವನ ಗಾಡಿ ಹೋಗಿರುತ್ತದೆ. ಆಫೀಸಿನಲ್ಲಿ ಬೆರಳು ಒತ್ತುವ ಯಂತ್ರಕ್ಕೆ ಮಾನ್‌ಪಾಡಾ ರಸ್ತೆ ಗೊತ್ತಿಲ್ಲ. ಮುಂದಿನ ಗಾಡಿಯ ಬಾಗಿಲಿಗೆ ಜೋತುಬೀಳದೆ ಬೇರೆ ದಾರಿಯಿಲ್ಲ. ನೀವು ಧೈರ್ಯ ಅನ್ನುತ್ತೀರಲ್ಲ, ಅದು ರಿಕ್ಷಾ ಸಾಲಿನಲ್ಲಿ ಹುಟ್ಟುತ್ತದೆ.

1988ರಲ್ಲಿ ನಾನು ಡೊಂಬಿವಲಿಗೆ ಬಂದಾಗ ಇದೇ ದಾರಿಯನ್ನು ಅಟ್ಲಾಸ್ ಸೈಕಲಿನಲ್ಲಿ ಹನ್ನೆರಡು ನಿಮಿಷದಲ್ಲಿ ಮುಗಿಸುತ್ತಿದ್ದೆ. ಸ್ಟೇಷನ್ನಿನ ಪಕ್ಕ ಸೈಕಲ್ ಸ್ಟ್ಯಾಂಡ್ ಇತ್ತು. ತಿಂಗಳ ಪಾಸು. ಅಲ್ಲಿನ ಅಜ್ಜ ಸೈಕಲನ್ನು ಹ್ಯಾಂಡಲಿನ ಗಂಟೆಯಿಂದ ಗುರುತಿಸುತ್ತಿದ್ದ. ಸೈಕಲ್ ಬಿಟ್ಟು, 'ಕರ್ನಾಟಕ ಮಲ್ಲ'ವನ್ನು ನಾಲ್ಕು ಮಡಿಕೆ ಮಾಡಿ ಹಿಡಿದುಕೊಂಡು ಡೊಂಬಿವಲಿಯಿಂದಲೇ ಹೊರಡುವ ಲೋಕಲ್ ಹತ್ತಿದರೆ ಒಮ್ಮೊಮ್ಮೆ ಕೂರಲಿಕ್ಕೂ ಜಾಗ. (ಆ ಪತ್ರಿಕೆ ಬಂದದ್ದು ಆಮೇಲೆ. ಮೊದಲ ವರ್ಷಗಳಲ್ಲಿ ಊರಿಂದ ಬಂದ ಹಳೇ ಪೇಪರೇ ಗತಿ.) ಆಮೇಲೆ ಸ್ಟ್ಯಾಂಡಿನಲ್ಲಿ ಸ್ಕೂಟರು ಬಂತು, ಬೈಕು ಬಂತು. ಒಂದು ದಿನ ಅಲ್ಲಿಯವನು, "ಸಾಹೇಬ್, ಸೈಕಲ್ ಇನ್ನು ಬೇಡ, ಜಾಗ ಇಲ್ಲ" ಅಂದ. ಒಂದು ಬೈಕಿನ ಜಾಗದಲ್ಲಿ ಎರಡು ಸೈಕಲ್ ನಿಲ್ಲುತ್ತದೆ. ಆದರೂ ಜಾಗ ಇಲ್ಲದ್ದು ಸೈಕಲಿಗೆ!

ಇದನ್ನು ಮಾತಾಡಿದರೆ ಜನ ನಗುತ್ತಾರೆ. ಡೊಂಬಿವಲಿಯಲ್ಲಿ ಮಾತೆಲ್ಲ ದೊಡ್ಡದರ ಬಗ್ಗೆ. ಠಾಣೆ-ಭಿವಂಡಿ-ಕಲ್ಯಾಣ ಮೆಟ್ರೋಕ್ಕೆ ಪ್ರಧಾನಿ ಬಂದು ಶಿಲಾನ್ಯಾಸ ಮಾಡಿದ್ದು 2018ರ ಡಿಸೆಂಬರಿನಲ್ಲಿ. ಕಲ್ಯಾಣ-ತಳೋಜಾ ಮೆಟ್ರೋಕ್ಕೆ 2024ರಲ್ಲಿ ಇನ್ನೊಂದು ಶಿಲೆ. ಬೇಡ ಅಂತಲ್ಲ. ಆದರೆ ದೊಡ್ಡದು ಬರುವ ವೇಗ ನೋಡಿ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಓಡಿತು. ಮರುವರ್ಷವೇ ಅದು ಖಾಡಿ ದಾಟಿ ಕಲ್ಯಾಣ ಮುಟ್ಟಿತು, ಸುಮಾರು 20 ಕಿಲೋಮೀಟರು. ನಮ್ಮ ಕಾಲದಲ್ಲಿ ಠಾಣೆಯಿಂದ ದಿವಾದವರೆಗೆ ಐದನೆಯ, ಆರನೆಯ ಹಳಿ ಹಾಕಲು 2008ರ ಹೊತ್ತಿಗೆ ಮಂಜೂರಾತಿ. ರೈಲು ಓಡಿದ್ದು 2022ರ ಫೆಬ್ರವರಿಯಲ್ಲಿ. ಉದ್ದ ಹೆಚ್ಚುಕಡಿಮೆ 9 ಕಿಲೋಮೀಟರು. ನನ್ನ ಮಗನಂಥವರು ಠಾಣೆಯಲ್ಲಿ ಇಳಿದು ಹತ್ತದೆ ನೇರ ಐರೋಲಿಗೆ ಹೋಗಲಿ ಎಂದು 2016ರಲ್ಲಿ ಒಪ್ಪಿದ ಕಳವಾ-ಐರೋಲಿ ಜೋಡಣೆಯಲ್ಲಿ, ದಿಘಾ ನಿಲ್ದಾಣ 2024ರ ಜನವರಿಯಲ್ಲಿ ತೆರೆಯಿತು. ಕಳವಾದಿಂದ ಅಲ್ಲಿಗೆ ಬರಬೇಕಾದ ಹಳಿ ಮಾತ್ರ ಅವತ್ತು ಬಂದಿರಲಿಲ್ಲ. ಪೂರ್ವ ಪಶ್ಚಿಮ ಜೋಡಿಸುವ ಕೋಪರ್ ಸೇತುವೆ ಅಪಾಯವೆಂದು 2019ರ ಸೆಪ್ಟೆಂಬರಿನಲ್ಲಿ ಮುಚ್ಚಿ, 2021ರ ಸೆಪ್ಟೆಂಬರಿನಲ್ಲಿ ತೆರೆಯಿತು. ಆ ಎರಡು ವರ್ಷ ರಿಕ್ಷಾಗಳು ಠಾಕುರ್ಲಿ ಸುತ್ತಿಕೊಂಡು ಬರುತ್ತಿದ್ದವು. ಇಷ್ಟೆಲ್ಲ ಕಾಯುವವರಿಗೆ ಒಂದು ಮಳೆಗಾಲದೊಳಗೆ ಮುಗಿಯುವ ಕೆಲಸ ಕಣ್ಣಿಗೆ ಬೀಳುವುದೇ ಇಲ್ಲ: ಸ್ಟೇಷನ್ನಿಗೆ ಸೇರುವ ನಾಲ್ಕು ರಸ್ತೆಗಳ ಒಂದೊಂದು ಬದಿ ಕಾರು ನಿಲ್ಲಿಸದಂತೆ ಮಾಡಿ ಸೈಕಲಿಗೆ ಬಿಡುವುದು, ಸ್ಟೇಷನ್ನಿನ ಎರಡೂ ಕಡೆ ಮಾಡು ಹಾಕಿದ, ಕಾವಲಿರುವ ಸ್ಟ್ಯಾಂಡ್ ಕಟ್ಟುವುದು. ಅದಕ್ಕೆ ರಿಬ್ಬನ್ ಕಟ್ಟಲು ಯಾರು ಬರುತ್ತಾರೆ ಹೇಳಿ? ರೈಲಿನವರನ್ನು ಕೇಳಿದರೆ ನಮ್ಮ ಗಡಿ ಗೇಟಿನವರೆಗೆ ಎನ್ನುತ್ತಾರೆ, ಊರಿನವರನ್ನು ಕೇಳಿದರೆ ಗೇಟಿನ ಹತ್ತಿರದ್ದು ರೈಲಿನವರದು ಎನ್ನುತ್ತಾರೆ.

ಕೇಂದ್ರ ಸರಕಾರದ 2006ರ ನಗರ ಸಾರಿಗೆ ನೀತಿಯಲ್ಲಿ, ಸಾಗಿಸಬೇಕಾದದ್ದು ಜನರನ್ನು, ವಾಹನಗಳನ್ನಲ್ಲ ಎಂದಿದೆ. ನಡೆಯುವವರಿಗೂ ಸೈಕಲಿನವರಿಗೂ ಜಾಗ ಕೊಡಿ ಎಂದೂ ಇದೆ. ಚೆನ್ನಾಗಿದೆ. ಅದನ್ನು ಓದಿದವರು 2011ರ ಸುಮಾರಿಗೆ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನಲ್ಲಿ ಸೈಕಲ್ ಪಥ ಮಾಡಿದರು. ಗಾಜಿನ ಆಫೀಸುಗಳ ನಡುವೆ! ಅಲ್ಲಿ ಯಾರ ಮನೆ ಇದೆ? ಕಾರು ನಿಲ್ಲಿಸಲಿಕ್ಕೆ ಅನುಕೂಲವಾಯಿತು. 2025ರಲ್ಲಿ ಅದನ್ನು ತೆಗೆದು ರಸ್ತೆ ಅಗಲ ಮಾಡುವ ತೀರ್ಮಾನವಾಯಿತು. ನೋಡಿ, ಜನ ಸೈಕಲ್ ತುಳಿಯುವುದಿಲ್ಲ ಎಂದು ಸಾಬೀತಾಯಿತಲ್ಲ ಎಂದು ಪಂಡಿತರು ತಲೆದೂಗಿದರು. ಸೈಕಲ್ ಪಥವನ್ನು ಭಾನುವಾರದ ವ್ಯಾಯಾಮಕ್ಕೆ ಹಾಕಿದರೆ ಇನ್ನೇನಾಗುತ್ತದೆ? ಜನ ಮಲಗುವ ಊರಿನಿಂದ ಜನ ಹತ್ತುವ ಸ್ಟೇಷನ್ನಿಗೆ ಹಾಕಿ ನೋಡಿ.

ಯಾರು ತುಳಿಯುತ್ತಾರೆ ಎಂದು ಕೇಳುವವರಿಗೆ ಒಂದು ಸಾಕ್ಷಿ ಕೊಡುತ್ತೇನೆ. ಡಬ್ಬಾವಾಲಾಗಳು. 2003ರಲ್ಲಿ ಇಂಗ್ಲೆಂಡಿನ ರಾಜಕುಮಾರ ಚಾರ್ಲ್ಸ್ ಬಂದು ಅವರನ್ನು ಕಂಡರು, ಹಾರ್ವರ್ಡಿನವರು ಅವರ ಮೇಲೆ ಪಾಠ ಬರೆದರು. ಸಂಕೇತ, ಶಿಸ್ತು, ತಪ್ಪೇ ಆಗದ ಲೆಕ್ಕ ಎಂದೆಲ್ಲ ಹೊಗಳಿಕೆ. ಸರಿ, ಆದರೆ ಅವರ ಕೆಲಸದ ಎಲುಬು ಯಾವುದು? ಮನೆಯಿಂದ ಸ್ಟೇಷನ್ನಿಗೆ ಸೈಕಲ್, ಅಲ್ಲಿಂದ ಲೋಕಲ್, ಇಳಿದ ಮೇಲೆ ಮತ್ತೆ ಸೈಕಲ್ಲೋ ಕೈಗಾಡಿಯೋ. ನೂರಕ್ಕೂ ಹೆಚ್ಚು ವರ್ಷದಿಂದ ಅನ್ನದ ಡಬ್ಬಿ ಹೊತ್ತಿಗೆ ಸರಿಯಾಗಿ ಮುಟ್ಟುತ್ತದೆ. ಅದನ್ನು ತಿನ್ನುವವನು ಮಾತ್ರ ನೇತಾಡಿಕೊಂಡು, ಅರ್ಧ ಗಂಟೆ ತಡವಾಗಿ ಬರುತ್ತಾನೆ.

ಮಳೆ ಅನ್ನುತ್ತೀರಾ? ಕರಾವಳಿಯವನ ಹತ್ತಿರ ಮಳೆಯ ಮಾತೇ? ಆಷಾಢದಲ್ಲಿ ಗೊರಬು ಹಾಕಿ ಗದ್ದೆಗೆ ಇಳಿದವರ ಮಕ್ಕಳು ನಾವು. ಇಲ್ಲಿಯೂ ಜುಲೈ ತಿಂಗಳ ಜಡಿಮಳೆಯಲ್ಲಿ ಪಾವಿನವನು, ಪೇಪರಿನವನು, ಹಾರನ್ ಒತ್ತುತ್ತ ಬರುವ ಇಡ್ಲಿಯವನು ಎಲ್ಲರೂ ಸೈಕಲಿನಲ್ಲೇ ಬರುತ್ತಾರೆ. ಮಳೆ ಅಡ್ಡಿಯಾಗುವುದು ನಮ್ಮಂಥ ಪ್ಯಾಂಟಿನವರಿಗೆ ಮಾತ್ರ. ಒಂದು ಮಾತು ಒಪ್ಪುತ್ತೇನೆ: ನನ್ನ ವಯಸ್ಸಿನವರು, ಮಗುವನ್ನು ಎತ್ತಿಕೊಂಡ ಹೆಂಗಸರು ಎಲ್ಲರೂ ತುಳಿಯಲಾರರು. ಅವರಿಗೆ ಹೊತ್ತಿಗೆ ಸರಿಯಾಗಿ ಬರುವ ಬಸ್ಸು ಬೇಕು. ಈ ಊರಿನ ಪಾಲಿಕೆಯ ಬಸ್ಸು ಶುರುವಾದದ್ದು 1999ರಲ್ಲಿ; ಇವತ್ತಿಗೂ ಬಸ್ಸು ಕಾಯುವವನನ್ನು ಕಂಡರೆ ರಿಕ್ಷಾದವನಿಗೆ ಕನಿಕರ.

ಇದನ್ನೆಲ್ಲ ಊರಿನವರಿಗೆ ಯಾಕೆ ಹೇಳುತ್ತಿದ್ದೇನೆ ಅಂದರೆ, ಅಕ್ಕನ ಮಗ ಬೆಂಗಳೂರಿನಲ್ಲಿದ್ದಾನೆ, ಚಿಕ್ಕಬಾಣಾವರದ ಕಡೆ ಫ್ಲ್ಯಾಟು ತೆಗೆದುಕೊಂಡಿದ್ದಾನೆ. ಬೆಂಗಳೂರಿಗೆ 148 ಕಿಲೋಮೀಟರಿನ ಉಪನಗರ ರೈಲು ಬರುತ್ತದೆಯಂತೆ. 2022ರ ಜೂನಿನಲ್ಲಿ ಶಿಲಾನ್ಯಾಸ ಆಗಿದೆ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಚಂದದ ಹೆಸರಿಟ್ಟಿದ್ದಾರೆ. ಇವನ ಮನೆಯ ಹತ್ತಿರ ಮಲ್ಲಿಗೆ. ಹೆಸರು ನೋಡಿ ನನಗೂ ಖುಷಿಯಾಯಿತು. ಮುಂಬಯಿಯ ರೈಲು ಬಂದಾಗ ಊರೇ ಇರಲಿಲ್ಲ, ಆಮೇಲೆ ಜನ ಸ್ಟೇಷನ್ನಿನ ಸುತ್ತ ಹೇಗೆಂದರೆ ಹಾಗೆ ಮನೆ ಕಟ್ಟಿದರು. ನಮ್ಮ ತಪ್ಪಿಗೆ ಅಷ್ಟಾದರೂ ನೆಪವಿದೆ. ಬೆಂಗಳೂರಿನವರಿಗೆ ಆ ನೆಪ ಇಲ್ಲ. ಮೈಸೂರಿನಲ್ಲಿ 2017ರಲ್ಲೇ 'ಟ್ರಿಣ್ ಟ್ರಿಣ್' ಎಂದು ಬಾಡಿಗೆ ಸೈಕಲ್ ತಂದ ರಾಜ್ಯ ಅದು.

ಮೊನ್ನೆ ಫೋನಿನಲ್ಲಿ ಅವನನ್ನು ಕೇಳಿದೆ, "ಸ್ಟೇಷನ್ ನಿನ್ನ ಮನೆಯಿಂದ ಎಷ್ಟು ದೂರವಾ?"

"ಎರಡು ಕಿಲೋಮೀಟರ್ ಮಾವ."

"ಹೇಗೆ ಹೋಗ್ತೀ?"

"ಕಾರಲ್ಲಿ. ಪಾರ್ಕಿಂಗ್ ಮಾಡ್ತಾರಂತಲ್ಲ."

ನನ್ನ ಮಗ ಕಳೆದ ವರ್ಷ ಒಂದು ಸೈಕಲ್ ಕೊಂಡ. ನಾಲ್ಕು ದಿನ ಸ್ಟೇಷನ್ನಿಗೆ ಹೋದ, ಐದನೇ ದಿನ ಸಂಜೆ ಬಂದು ನೋಡುವಾಗ ಸೀಟು ಇರಲಿಲ್ಲ. ಈಗ ಅದು ನಮ್ಮ ಬಾಲ್ಕನಿಯಲ್ಲಿದೆ. ಹ್ಯಾಂಡಲಿನ ಮೇಲೆ ಟವೆಲ್ ಒಣಗುತ್ತದೆ. ಅವನು ರಿಕ್ಷಾ ಸಾಲಿನಲ್ಲಿ ನಿಲ್ಲುತ್ತಾನೆ, ಅವನ ಅಮ್ಮ ಅವನು ಠಾಣೆ ಮುಟ್ಟಿದ ಮೆಸೇಜು ಬರುವವರೆಗೆ ಕಾಫಿ ಕುಡಿಯುವುದಿಲ್ಲ.