ಮೂರು ಊರಿನ ಹೆಸರು, ಒಂದು ಫಲಕ

ಕೊಳ್ಳೇಗಾಲ, ಹನೂರು, ಯಳಂದೂರು. ಈ ಮೂರು ಹೆಸರುಗಳನ್ನು ಒಂದೇ ಅಳತೆಯ ಅಕ್ಷರದಲ್ಲಿ ಒಂದರ ಕೆಳಗೊಂದು ಬರೆದು ನೋಡಿ. ಹನೂರು ಸಲೀಸಾಗಿ ಕೂರುತ್ತದೆ. ಅದರಲ್ಲಿ ಒತ್ತಕ್ಷರವಿಲ್ಲ, ಕೊಂಬುಗಳು ಬಲಕ್ಕೆ ಚಾಚಿಕೊಳ್ಳುತ್ತವೆ. ಯಳಂದೂರು ನಡುವೆ ಸೊನ್ನೆಯಿಟ್ಟುಕೊಂಡು ಇನ್ನಷ್ಟು ಅಗಲವಾಗುತ್ತದೆ. ಕೊಳ್ಳೇಗಾಲ ಮಾತ್ರ ಹಟಮಾರಿ. ಅದರ ಎರಡನೆಯ ಅಕ್ಷರಕ್ಕೆ ತಲೆಯ ಮೇಲೆ ಏತ್ವ, ಬಲಕ್ಕೆ ದೀರ್ಘ, ಕಾಲಡಿಗೆ ಇನ್ನೊಂದು ಳ. ಇಂಗ್ಲಿಷಿಗೆ ಸಾಕಾಗುವಷ್ಟೇ ಸಾಲಿನ ಅಂತರ ಬಿಟ್ಟರೆ ಆ ಒತ್ತು ಕೆಳಗಿನ ಹನೂರಿನ ತಲೆಕಟ್ಟಿಗೆ ಹೋಗಿ ತಗಲುತ್ತದೆ. ಒತ್ತನ್ನು ಸಣ್ಣದು ಮಾಡೋಣವೆಂದರೆ ಬಸ್ಸಿನ ಬೋರ್ಡನ್ನು ದೂರದಿಂದ ಓದುವ ಅಜ್ಜಿಗೆ ಕಾಣುವುದಿಲ್ಲ. ಎಲ್ಲ ಸಾಲುಗಳನ್ನೂ ದೂರ ಮಾಡಿದರೆ ಹನೂರು, ಯಳಂದೂರುಗಳ ಕೆಳಗೆ ಬರೀ ಖಾಲಿ ಜಾಗ. ಕೈಯಲ್ಲಿ ಬೋರ್ಡು ಬರೆಯುತ್ತಿದ್ದ ಪೇಂಟರುಗಳು ಇದನ್ನು ಫಲಕದಿಂದ ಫಲಕಕ್ಕೆ ಬೇರೆ ಬೇರೆಯಾಗಿ ಬಗೆಹರಿಸುತ್ತಿದ್ದರು. ಒತ್ತನ್ನು ಒಂದಿಷ್ಟು ಮೇಲೆಳೆದು ಪಕ್ಕದ ಅಕ್ಷರದ ಮಗ್ಗುಲಿಗೆ ಸೇರಿಸುತ್ತಿದ್ದರು. ಕಂಪ್ಯೂಟರಿನ ಫಾಂಟು ಹಾಗೆ ಮಾಡುವುದಿಲ್ಲ, ನಾವು ಹೇಳಿಕೊಡಬೇಕು.

ಗ್ರಾಫಿಕ್ ಡಿಸೈನ್ ಕಲಿಯುವ ವಿದ್ಯಾರ್ಥಿಗೆ ಮೊದಲ ವರ್ಷ ಕೊಡಬಹುದಾದ ಅತ್ಯುತ್ತಮ ಅಭ್ಯಾಸ ಈ ಮೂರು ಹೆಸರಿನ ಫಲಕವೇ ಎಂದು ನನಗೆ ಅನ್ನಿಸಿದೆ. ಈ ಭಾಗದ ಮಕ್ಕಳಿಗೆ ಕಲೆಯ ಕಾಲೇಜು ದೂರವೇನಲ್ಲ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು, ಎಲ್ಲರ ಬಾಯಲ್ಲಿ ‘ಕಾವಾ’, ಅನ್ವಯಿಕ ಕಲೆಯನ್ನು ಕಲಿಸುತ್ತದೆ. ಆದರೆ ಡಿಸೈನ್ ವಿದ್ಯಾರ್ಥಿಗಳ ಪೋರ್ಟ್‌ಫೋಲಿಯೊ ತೆರೆದಾಗಲೆಲ್ಲ ನನಗೆ ಕಾಣುವುದು ಎಲ್ಲೂ ಇಲ್ಲದ ಕಾಫಿ ಅಂಗಡಿಯ ಲೋಗೊ, ಯಾರೂ ತಯಾರಿಸದ ಸೋಪಿನ ಪೆಟ್ಟಿಗೆ. ಕೈಚಳಕ ಚೆನ್ನಾಗಿಯೇ ಇರುತ್ತದೆ. ಇದು ತಪ್ಪೆಂದು ಹೇಳುವ ಗಿರಾಕಿಯೊಬ್ಬ ಮಾತ್ರ ಇರುವುದಿಲ್ಲ. ನಿಜವಾದ ಕಾಫಿ ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗ ಬುಡಕಟ್ಟಿನವರ ಪೋಡುಗಳ, ಅಂದರೆ ಹಾಡಿಗಳ, ಸುತ್ತ ಬೆಳೆಯುತ್ತದೆ. ಅದನ್ನು ಕೊಳ್ಳುವ ಬೆಂಗಳೂರಿನ ಒಂದು ಕಂಪನಿ ‘ಬ್ಲ್ಯಾಕ್ ಬಾಝಾ’ ಎಂಬ ಕಾಡಿನ ಬೇಟೆಹಕ್ಕಿಯ ಹೆಸರನ್ನೇ ತನ್ನದಾಗಿಸಿಕೊಂಡಿದೆ. ಬೆಳೆ, ಕಾಡು, ಹೆಸರು ಮೂರಕ್ಕೂ ನಂಟು ಕಟ್ಟುವ ಇಂಥ ಕೆಲಸವನ್ನು ನಮ್ಮೂರಿನ ಹುಡುಗಿಯೊಬ್ಬಳು ಕನ್ನಡದಲ್ಲಿ ಮಾಡಿದರೆ ಹೇಗಿರುತ್ತದೆಂದು ನೋಡುವ ಆಸೆ ನನ್ನದು.

ಜೇನಿನ ಬಾಟಲಿಯನ್ನೇ ತೆಗೆದುಕೊಳ್ಳಿ. ಪೇಟೆಯ ಬಹುಪಾಲು ಲೇಬಲ್ಲುಗಳಲ್ಲಿ ಆರು ಮೂಲೆಯ ಕೋಶಗಳು, ಹಳದಿ ಬಣ್ಣ, ನಗುವ ಪುಟ್ಟ ಜೇನುಹುಳು. ನಮ್ಮ ಬೆಟ್ಟದ ಹೆಜ್ಜೇನು ಹಾಗಿಲ್ಲ. ಅದು ಎತ್ತರದ ಮರದ ಕೊಂಬೆಗೋ ಬಂಡೆಯ ಚಾಚಿಗೋ ಒಂದೇ ಒಂದು ದೊಡ್ಡ ಹುಟ್ಟನ್ನು ಬಯಲಿಗೇ ತೂಗುಹಾಕುತ್ತದೆ. ಹುಳುಗಳೇ ಅದಕ್ಕೆ ಮುಚ್ಚಿಗೆ. ದೂರದಿಂದ ಅರ್ಧಚಂದ್ರದ ಕಪ್ಪು ಆಕಾರವಷ್ಟೇ ಕಾಣುತ್ತದೆ. ಆ ಆಕಾರವನ್ನು ಒಮ್ಮೆ ನೋಡಿದವರು ಮರೆಯಲಾರರು, ಲಾಂಛನಕ್ಕೆ ಬೇಕಾದ ಗುಣವೂ ಅದೇ. ಅದನ್ನು ಬರೆಯಬೇಕಾದರೆ ಮರದ ಬುಡದಲ್ಲಿ ನಿಂತು ತಲೆಯೆತ್ತಿ ನೋಡಬೇಕು. ಇಂಟರ್ನೆಟ್ಟಿನಲ್ಲಿ ಸಿಗುವ ಸಿದ್ಧಚಿತ್ರ ಬೇರೆ ದೇಶದ ಪೆಟ್ಟಿಗೆ ಜೇನಿನದು.

ಜೇನಿನ ಮಾತು ಬಂದರೆ ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗದೆ ಇರಲಾಗದು. ಬೆಟ್ಟದ ಅಂಗಡಿಗಳಲ್ಲಿ ಸಿಗುವ ಪಟಗಳಲ್ಲಿ ಮಾದಪ್ಪ ಹುಲಿಯ ಮೇಲೆ ಕುಳಿತಿರುತ್ತಾನೆ. ಮನೆಮನೆಯ ಗೋಡೆಯ ಮೇಲೂ ಅದೇ. ಆ ಚಿತ್ರ ಎಷ್ಟು ಗಟ್ಟಿಯಾಗಿ ನಿಂತಿದೆಯೆಂದರೆ, ಕಂಸಾಳೆಯವರು ರಾತ್ರಿಯಿಡೀ ಹಾಡುವ ಕಾವ್ಯದ ಉಳಿದ ಜನರೆಲ್ಲ ಅದರ ಹಿಂದೆ ಮರೆಯಾಗಿದ್ದಾರೆ. ಆ ಕಾವ್ಯ ‘ಸಾಲು’ಗಳೆಂಬ ಭಾಗಗಳಾಗಿ ನಡೆಯುತ್ತದೆ. ಅದರಲ್ಲಿ ಸಂಕಮ್ಮನ ಸಾಲು ನನ್ನನ್ನು ಹೆಚ್ಚು ಕಾಡಿದ್ದು. ಜೇನಿಗೆ ಹೊರಟ ಗಂಡ ನೀಲೇಗೌಡ ಅವಳ ಶೀಲಕ್ಕೆ ಭಾಷೆ ಕೊಡೆನ್ನುತ್ತಾನೆ, ಅವಳು ಕೊಡುವುದಿಲ್ಲ. ಆ ಒಂದು ‘ಇಲ್ಲ’ಕ್ಕಾಗಿ ಅವಳು ಪಡುವ ಪಾಡು ಕೇಳುವವರ ಕಣ್ಣಲ್ಲಿ ನೀರು ತರಿಸುತ್ತದೆ. ಇಲಸ್ಟ್ರೇಷನ್ ಕಲಿಯುವ ವಿದ್ಯಾರ್ಥಿ ಈ ಸಾಲಿಗೆ ಹತ್ತು ಪುಟ ಚಿತ್ರ ಬರೆಯಲಿ. ಎಲ್ಲಿಂದ ಶುರು ಮಾಡುವುದು? ಅವಳ ಮುಖ ಕಾಣಬೇಕೆ, ಬೆನ್ನು ಸಾಕೆ? ದೇವರು ಬರುವ ಪುಟದಲ್ಲಿ ಹುಲಿ ದೊಡ್ಡದಿರಬೇಕೆ, ಸಂಕಮ್ಮನೆ? ಇದನ್ನು ಮೇಷ್ಟರ ಮುಂದೆ ಮಾತ್ರವಲ್ಲ, ಹಾಡುವ ದೇವರಗುಡ್ಡರ ಮುಂದೆಯೂ ಇಟ್ಟು ಸಮರ್ಥಿಸಿಕೊಳ್ಳಬೇಕಾದೀತು. ಅಲ್ಲಿ ನಿಂತು ಉತ್ತರಿಸಿದವರ ಗೆರೆಗೆ ಬರುವ ಬಲ ತರಗತಿಯಿಂದ ಬರುವುದಿಲ್ಲ.

ಏನನ್ನು ಬರೆಯಬಾರದು ಎಂಬುದೂ ವಿನ್ಯಾಸದ ಪ್ರಶ್ನೆಯೇ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರ ಜೊತೆ ಕಾಡು ಸುತ್ತಿ ತಮ್ಮ ಪವಿತ್ರ ತಾಣಗಳ ನಕ್ಷೆ ಮಾಡಿದ್ದಾರೆ. ಸರ್ಕಾರದ ನಕ್ಷೆಯಲ್ಲಿ ಅರಣ್ಯದ ವಿಭಾಗ, ರಸ್ತೆ, ಗಡಿಗಳಿರುತ್ತವೆ. ಸೋಲಿಗರ ಲೆಕ್ಕದಲ್ಲಿ ಕಾಡು ಕುಲಕುಲದ ಎಲ್ಲೆಗಳಾಗಿ ಹಂಚಿಕೊಂಡಿದೆ, ಒಂದೊಂದು ಎಲ್ಲೆಯಲ್ಲೂ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪವಿತ್ರ ತಾಣಗಳು. ಆ ಕಾಡು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾದದ್ದು 2011ರಲ್ಲಿ. ಅರಣ್ಯ ಹಕ್ಕು ಕಾಯ್ದೆಯಡಿ ಅಲ್ಲಿನ ಸೋಲಿಗರಿಗೆ ಸಮುದಾಯದ ಹಕ್ಕು ಸಿಕ್ಕಿದ್ದೂ ಅದೇ ವರ್ಷ. ಈ ನಕ್ಷೆಗೆ ಚಿಹ್ನೆಗಳನ್ನು ಬಿಡಿಸುವುದನ್ನು ಯೋಚಿಸಿ. ಅಬ್ಬಿಗೆ ನೀರಿನ ಗೆರೆ ಸಾಕು. ವೀರುವಿಗೆ ಏನು? ಎಲ್ಲ ತಾಣಗಳನ್ನೂ ಪ್ರವಾಸಿಗರ ಕೈಗೆ ಸಿಗುವ ಮಡಿಕೆ ಪತ್ರಿಕೆಯಲ್ಲಿ ಅಚ್ಚು ಹಾಕಬಹುದೆ? ಪೋಡಿನ ಹಿರಿಯರನ್ನು ಕೇಳದೆ ಇದಕ್ಕೆ ಉತ್ತರವಿಲ್ಲ. ಅವರು ಬೇಡವೆಂದ ಜಾಗವನ್ನು ಬಿಳಿಯಾಗಿಯೇ ಬಿಡುವುದು ಆ ಪುಟದ ಅತಿ ಮುಖ್ಯ ನಿರ್ಧಾರವಾಗಬಹುದು.

ಕೊಳ್ಳೇಗಾಲದ ರೇಷ್ಮೆಯಲ್ಲಿ ಕಲಿಯಬೇಕಾದ್ದು ಇನ್ನೊಂದು ಬಗೆಯದು. ಸೀರೆಯ ಅಂಚಿನ ಹೂವನ್ನು ಮೊದಲು ಬರೆಯುವುದು ಚೌಕಳಿಯ ಗ್ರಾಫ್ ಹಾಳೆಯ ಮೇಲೆ. ಹಾಸಿನ ಎಳೆ ಹೊಕ್ಕಿನ ಎಳೆಯನ್ನು ದಾಟುವ ಜಾಗವೊಂದಕ್ಕೆ ಒಂದು ಚೌಕ. ಆಮೇಲೆ ಜಕಾರ್ಡಿನ ಕಾರ್ಡುಗಳಲ್ಲಿ ಅದಕ್ಕೆ ತಕ್ಕ ತೂತು. ದುಂಡಗಿನ ಗೆರೆ ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿಯೇ ಏರಬೇಕು. ಪರದೆಯ ಮೇಲೆ ಪಿಕ್ಸೆಲ್ಲುಗಳಲ್ಲಿ ಚಿತ್ರ ಕಟ್ಟುವ ವಿದ್ಯಾರ್ಥಿಗೆ ಇದಕ್ಕಿಂತ ಹಳೆಯ ಪಾಠ ಎಲ್ಲೂ ಇಲ್ಲ. ಆದರೆ ನೇಯ್ದ ಮೇಲೆ? ಸರ್ಕಾರದ ರೇಷ್ಮೆ ಉದ್ಯಮಗಳ ನಿಗಮವಾದ ಕೆಎಸ್‌ಐಸಿ ತನ್ನ ಮೈಸೂರು ರೇಷ್ಮೆ ಸೀರೆಗೆ ಗುರುತಿನ ಸಂಖ್ಯೆಯನ್ನೂ ಹೊಲೋಗ್ರಾಮನ್ನೂ ಕೊಟ್ಟಿದೆ. ಕೊಳ್ಳೇಗಾಲದ ನೇಕಾರರ ಸೀರೆ ಬೇರೆ ಊರಿನ ಅಂಗಡಿ ಸೇರಿದ ಮೇಲೆ ಪೆಟ್ಟಿಗೆಯ ಮೇಲಿರುವುದು ಅಂಗಡಿಯ ಹೆಸರು, ಊರಿನದಲ್ಲ. ಇದು ನನಗೆ ನೋವಿನ ಸಂಗತಿ. ಮೈಸೂರು ಸೀಮೆಯಲ್ಲಿ ಹೆಸರು ಕಟ್ಟುವ ವಿದ್ಯೆ ಇರಲಿಲ್ಲವೆಂದಲ್ಲ. 1918ರಲ್ಲಿ ಮೈಸೂರು ಸ್ಯಾಂಡಲ್ ಸೋಪು ತಯಾರಾದಾಗ ಸೋಸಲೆ ಗರಳಪುರಿ ಶಾಸ್ತ್ರಿಗಳು ಅದಕ್ಕೆ ಮೊಟ್ಟೆಯಾಕಾರವನ್ನೂ ಒಡವೆಯ ಪೆಟ್ಟಿಗೆಯ ಬೆಡಗನ್ನೂ ಕೊಟ್ಟರು. ಆನೆಯ ತಲೆ, ಸಿಂಹದ ಮೈಯ ಶರಭ ಅದರ ಲಾಂಛನವಾಯಿತು. ನೂರು ವರ್ಷ ದಾಟಿದರೂ ಆ ಶರಭವನ್ನು ಯಾರೂ ಕದಲಿಸಿಲ್ಲ.

ಹಾಗೆಂದು ಈ ಮೂರು ತಾಲ್ಲೂಕಿಗೂ ಸೇರಿಸಿ ಒಂದೇ ಲೋಗೊ ಮಾಡಹೊರಟರೆ ಎಡವಬೇಕಾಗುತ್ತದೆ. ಕೊಳ್ಳೇಗಾಲ 1956ರ ನವೆಂಬರ್ 1ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹನೂರು ಆಗ ಅದರೊಳಗಿನ ಊರು. ಯಳಂದೂರು ಮೈಸೂರು ಸಂಸ್ಥಾನದಲ್ಲಿ ದಿವಾನ್ ಪೂರ್ಣಯ್ಯನವರಿಗೆ ಕೊಟ್ಟ ಜಹಗೀರು. ಈಗ ಮೂರೂ ಸೇರಿರುವ ಚಾಮರಾಜನಗರ ಜಿಲ್ಲೆಯಾದದ್ದು 1997ರಲ್ಲಿ. ಬೇರೆ ಬೇರೆ ದಾರಿಯಲ್ಲಿ ಬಂದ ಊರುಗಳಿಗೆ ಒಂದೇ ಗುರುತು ಹೊಂದುವುದಿಲ್ಲ.

ಅಚ್ಚಿನ ಮನೆಯ ತೊಡಕನ್ನೂ ಹೇಳಬೇಕು. ನಮ್ಮ ಡಿಟಿಪಿ ಅಂಗಡಿಗಳಲ್ಲಿ ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳು ಇನ್ನೂ ಬಳಕೆಯಲ್ಲಿವೆ. ಯುನಿಕೋಡ್ ಕನ್ನಡವನ್ನು ಡಿಸೈನ್ ಸಾಫ್ಟ್‌ವೇರಿಗೆ ತಂದಾಗ ಒತ್ತು, ಗುಣಿತಗಳು ಚದುರಿಹೋಗುತ್ತಿದ್ದ ಕಾಲವನ್ನು ಆ ಅಂಗಡಿಯವರು ಮರೆತಿಲ್ಲ. ಈಗ ಹಾಗಿಲ್ಲ. ‘ಬಾಲೂ ತಮ್ಮ’, ಹಾಗೆಯೇ ವೈಷ್ಣವಿ ಮೂರ್ತಿ ಮತ್ತು ಹ್ವಾನ್ ಲೂಯಿಸ್ ಬ್ಲಾಂಕೊ ಸೇರಿ ರೂಪಿಸಿದ ‘ಅಕಾಯ ಕನಡಕ’ದಂಥ ಫಾಂಟುಗಳು ಉಚಿತವಾಗಿಯೇ ಸಿಗುತ್ತವೆ. ವಿದ್ಯಾರ್ಥಿ ತನ್ನ ಫೈಲನ್ನು ಕೊಳ್ಳೇಗಾಲದ ಯಾವುದಾದರೂ ಪ್ರೆಸ್ಸಿನಲ್ಲೇ ಅಚ್ಚು ಹಾಕಿಸಲಿ. ಪರದೆಯಲ್ಲಿ ಹೊಳೆದ ಹಸಿರು ಕಾಗದದ ಮೇಲೆ ಮಂಕಾಗುವುದನ್ನು ಅಲ್ಲೇ ನಿಂತು ನೋಡಲಿ.

ಕಲಾ ಕಾಲೇಜುಗಳವರಲ್ಲಿ ನನ್ನದೊಂದು ಕೋರಿಕೆ. ಅನ್ವಯಿಕ ಕಲೆಯ ವರ್ಷಾಂತ್ಯದ ಪ್ರದರ್ಶನವನ್ನು ಒಂದು ವಾರ ಕೊಳ್ಳೇಗಾಲಕ್ಕೆ ತನ್ನಿ, ಸಂತೆಯ ದಿನವೂ ಅದರಲ್ಲಿ ಸೇರಲಿ. ಜೇನಿನ ಲೇಬಲ್ಲಿಗೆ ಜೇನು ಕೀಳುವ ಸೋಲಿಗರು, ಅಂಚಿನ ವಿನ್ಯಾಸಕ್ಕೆ ಮಗ್ಗದವರು, ಸಂಕಮ್ಮನ ಚಿತ್ರಕ್ಕೆ ಕಂಸಾಳೆಯವರು ಅಂಕ ಕೊಡಲಿ. ಮೂರು ಊರಿನ ಫಲಕವನ್ನು ಬಸ್ ನಿಲ್ದಾಣದಲ್ಲಿ ತೂಗುಹಾಕಿ, ಓದಲು ಬಂತೇ ಎಂದು ಪ್ರಯಾಣಿಕರನ್ನೇ ಕೇಳಿ.