ಜೇಬಿನ ಪಿಸ್ತೂಲು ಮತ್ತು ಬೀದಿಯ ಭಯ

ಆತ್ಮರಕ್ಷಣೆಗೆ ಪಿಸ್ತೂಲು ಇಟ್ಟುಕೊಳ್ಳುವ ಮಾತು ಈಗ ಸುಶಿಕ್ಷಿತರ ನಡುವೆಯೂ ಕೇಳಿಬರುತ್ತಿದೆ. ಯಾವುದು ಹಗುರ, ಯಾವುದು ಅಂಗಿಯೊಳಗೆ ಕಾಣದಂತೆ ಕೂರುತ್ತದೆ ಎಂಬ ಚರ್ಚೆ ಅದರ ಬೆನ್ನಿಗೇ ಬರುತ್ತದೆ. ಈ ಪ್ರಶ್ನೆಯ ಹಿಂದಿರುವ ಭಯವನ್ನು ನಾವು ಲಘುವಾಗಿ ಕಾಣುವುದಿಲ್ಲ. ಆದರೆ ಆಯ್ಕೆಗೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಅದು ನಿಜಕ್ಕೂ ರಕ್ಷಿಸುತ್ತದೆಯೇ?

2012ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿ ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಎರಡು ತಿಂಗಳ ಬಳಿಕ ದಿಲ್ಲಿಯ ಬಸ್ಸಿನಲ್ಲಿ ನಡೆದ ಪೈಶಾಚಿಕ ಕೃತ್ಯಕ್ಕೆ ದೇಶವೇ ಬೀದಿಗಿಳಿಯಿತು. 2014ರ ಜನವರಿಯಲ್ಲಿ ಕಾನ್ಪುರದ ಸರಕಾರಿ ಶಸ್ತ್ರಾಸ್ತ್ರ ಕಾರ್ಖಾನೆಯು ಮಹಿಳೆಯರಿಗೆಂದೇ 'ನಿರ್ಭೀಕ್' ಎಂಬ .32 ಬೋರಿನ ರಿವಾಲ್ವರನ್ನು ಹೊರತಂದಿತು. ತೂಕ ಸುಮಾರು ಅರ್ಧ ಕಿಲೋ. ಕೈಚೀಲದಲ್ಲಿ ಹಿಡಿಸುವ ಗಾತ್ರ. ಬೆಲೆ ಲಕ್ಷ ರೂಪಾಯಿಗೂ ಮಿಗಿಲು. ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಯಿಂದ ಕತ್ತಲಲ್ಲಿ ಮನೆಗೆ ಮರಳುವ ಹೆಣ್ಣುಮಗಳಿಗೆ ಇದರಿಂದೇನು ಪ್ರಯೋಜನ? ಹಣವಿದ್ದವರಷ್ಟೇ ಕೊಳ್ಳಬಹುದಾದ ರಕ್ಷಣೆಯನ್ನು ರಕ್ಷಣೆ ಎನ್ನಬಹುದೇ?

ನಮ್ಮ ಕಾನೂನು ಬಂದೂಕನ್ನು ಹಕ್ಕೆಂದು ಒಪ್ಪಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಿಗೆ ಕಡ್ಡಾಯ. ಪೊಲೀಸ್ ವರದಿಯಿಲ್ಲದೆ, ತಕ್ಕ ಕಾರಣವಿಲ್ಲದೆ ಅದು ಸಿಗುವುದಿಲ್ಲ. 2016ರ ನಿಯಮಗಳು ತರಬೇತಿಯನ್ನೂ ಬಯಸುತ್ತವೆ. 2019ರ ತಿದ್ದುಪಡಿಯು ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಇನ್ನು ಗುಂಡು ಹಾರಿಸಿದ ಮೇಲೆ, ಅದು ಆತ್ಮರಕ್ಷಣೆಗೆ ಅಗತ್ಯವಿದ್ದಷ್ಟೇ ಬಲಪ್ರಯೋಗವೆಂದು ನ್ಯಾಯಾಲಯಕ್ಕೆ ಮನವರಿಕೆ ಮಾಡಿಕೊಡಬೇಕು. ಪಿಸ್ತೂಲು ಕೊಳ್ಳುವವನು ಈ ಹೊಣೆಯನ್ನೂ ಜೊತೆಗೇ ಕೊಳ್ಳುತ್ತಾನೆ.

ಇಷ್ಟಾಗಿಯೂ ಅದು ಕಾಪಾಡೀತೇ? ಜ್ಞಾನಭಾರತಿಯ ಪಕ್ಕದ ರಾಜರಾಜೇಶ್ವರಿ ನಗರದಲ್ಲಿ 2017ರ ಸೆಪ್ಟೆಂಬರ್ 5ರ ರಾತ್ರಿ ಪತ್ರಕರ್ತೆ ಗೌರಿ ಲಂಕೇಶರನ್ನು ಅವರ ಮನೆಯ ಬಾಗಿಲಲ್ಲೇ ಗುಂಡಿಕ್ಕಿ ಕೊಲ್ಲಲಾಯಿತು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರ ಹತ್ಯೆಯೂ ಮನೆಯಲ್ಲೇ ನಡೆಯಿತು. ಎರಡೂ ಕಡೆ ಬಳಕೆಯಾದದ್ದು 7.65 ಮಿ.ಮೀ.ನ ಒಂದೇ ನಾಡ ಪಿಸ್ತೂಲು ಎಂದು ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಹೇಳಿತು. ಹೊಂಚು ಹಾಕಿದ ಹಂತಕನಿಗೆ ಕೆಲವೇ ಕ್ಷಣಗಳು ಸಾಕು. ಬಲಿಯಾಗುವವರಿಗೆ ಪಿಸ್ತೂಲು ಹೊರತೆಗೆಯುವಷ್ಟು ಕಾಲಾವಕಾಶವನ್ನು ಅವನು ಕೊಡುವುದಿಲ್ಲ. ಗುಂಪಾಗಿ ಬಂದವರ ಮುಂದಂತೂ ನಮ್ಮ ಕೈಯ ಆಯುಧ ಅವರ ಕೈಸೇರಲು ಎಷ್ಟು ಹೊತ್ತು ಬೇಕು?

ಅಮೆರಿಕದ ಸುಪ್ರೀಂ ಕೋರ್ಟು 2022ರಲ್ಲಿ, ಮನೆಯ ಹೊರಗೆ ಕೈಬಂದೂಕು ಒಯ್ಯುವುದು ಪ್ರಜೆಯ ಹಕ್ಕೆಂದು ತೀರ್ಪಿತ್ತಿತು. ಅದೇ ದೇಶದಲ್ಲಿ 2021ರಲ್ಲಿ ಬಂದೂಕಿಗೆ ಬಲಿಯಾದವರು 48 ಸಾವಿರಕ್ಕೂ ಅಧಿಕ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆತ್ಮಹತ್ಯೆ ಮಾಡಿಕೊಂಡವರು. ಶತ್ರುವಿಗೆಂದು ತಂದ ಗುಂಡು ಮನೆಯವರ ಎದೆಗೇ ನಾಟುವ ದುರಂತವಿದು. ಒಂದು ಗಳಿಗೆಯ ಹತಾಶೆ, ಒಂದು ಜಗಳ, ಕಪಾಟು ತೆರೆದ ಒಂದು ಮಗು. ಪಿಸ್ತೂಲಿರುವ ಮನೆಯಲ್ಲಿ ಇವು ಯಾವುದಕ್ಕೂ ಕ್ಷಮೆಯಿಲ್ಲ.

ನಿಜವಾದ ಬೆದರಿಕೆ ಇರುವವರಿಗೆ ಕಾನೂನಿನ ದಾರಿ ಮುಚ್ಚಬೇಕೆಂದು ನಾವು ಹೇಳುತ್ತಿಲ್ಲ. ಆದರೆ ನಾಗರಿಕನು ತನ್ನ ಜೇಬನ್ನೇ ಪೊಲೀಸ್ ಠಾಣೆ ಮಾಡಿಕೊಳ್ಳಬೇಕಾಗಿ ಬಂದರೆ ಅದು ಪ್ರಭುತ್ವದ ಸೋಲು. ಬೆದರಿಕೆಯ ದೂರು ದಾಖಲಾಗಲಿ. 112ಕ್ಕೆ ಕರೆ ಮಾಡಿದವರ ಬಳಿಗೆ ಗಸ್ತು ವಾಹನ ತಡವಿಲ್ಲದೆ ಬರಲಿ. ಕತ್ತಲ ಬೀದಿಗಳಿಗೆ ದೀಪ ಬರಲಿ. ನಾಡ ಪಿಸ್ತೂಲಿನ ಜಾಲವನ್ನು ಬುಡದಿಂದ ಕೀಳಲಿ. ಹತ್ಯೆಯ ಮೊಕದ್ದಮೆಗಳು ವರ್ಷಗಟ್ಟಲೆ ಕೊಳೆಯದಿರಲಿ. ಇವನ್ನು ಒಟ್ಟಾಗಿ, ಗಟ್ಟಿಯಾಗಿ ಕೇಳುವ ಧೈರ್ಯ ನಮ್ಮ ಯುವಕರಲ್ಲಿ ಬೆಳೆಯಬೇಕು. ಹತ್ತು ಜನ ಜೊತೆಗಿರುವ ಬೀದಿಯು ಹತ್ತು ಪಿಸ್ತೂಲುಗಳಿರುವ ಬೀದಿಗಿಂತ ಸುರಕ್ಷಿತ.